ಒಂದಕ್ಷರದ ಕಾರ್ಡು

ಭಾಂಡುಪ್

ಮಗಳ ಮದುವೆಯ ಪತ್ರಿಕೆಗಳು ಅಚ್ಚಾಗಿ ಮನೆಗೆ ಬಂದ ವಾರವೇ ನಾನು ವಿಯೆಟ್ನಾಮಿಗೆ ಹೊರಟೆ. ಇದ್ಯಾವ ಕ್ರಮ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ನನ್ನ ಹೆಂಡತಿ ಗಂಗಾ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದಳು. ಆದರೆ ಮದುವೆ ನಿಶ್ಚಯವಾಗುವ ಮೊದಲೇ ಟಿಕೆಟ್ಟು ಆಗಿತ್ತು. ನನ್ನ ಪಕ್ಕದ ಗಾಳಾದಲ್ಲಿ ಹಿತ್ತಾಳೆ ಮಾರುವ ಹಸಮುಖಭಾಯಿ ನಮ್ಮ ಇಂಡಸ್ಟ್ರಿಯಲ್ ಎಸ್ಟೇಟಿನ ಹನ್ನೆರಡು ಮಂದಿಯನ್ನು ಕೂಡಿಸಿದ್ದ. ಗಾಳಾ ಅಂದರೆ ದೊಡ್ಡದೇನಲ್ಲ, ಶಟರ್ ಎಳೆಯುವ ಒಂದು ಕೋಣೆ. ನನ್ನದರಲ್ಲಿ ಮೂರು ಲೇಥ್ ಯಂತ್ರಗಳಿವೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ನಾನು ನಲವತ್ತು ವರ್ಷಗಳಿಂದ ಲೋಹ ಕಡೆಯುತ್ತಿದ್ದೇನೆ. ಬಸವರಾಜ ಕಡೆದ ಕೆಲಸ ವಾಪಸು ಬಂತು ಎಂದು ಭಾಂಡುಪ್‌ನಲ್ಲಿ ಯಾರೂ ಹೇಳುವಂತಿಲ್ಲ. ಒಬ್ಬನನ್ನು ಬಿಟ್ಟು.

ಆ ಒಬ್ಬ ನನ್ನ ಅಣ್ಣ ಈರಣ್ಣ. ನನಗೆ ಲೇಥ್ ಕಲಿಸಿದವನೇ ಅವನು. ಗಾಳಾ ಹಿಡಿದದ್ದು ಇಬ್ಬರೂ ಸೇರಿ. ಒಂಬತ್ತು ವರ್ಷದ ಹಿಂದೆ ಒಂದು ದಿನ ಗಿರಾಕಿ ಎದುರಿಗೆ ಕುಳಿತಿದ್ದಾಗ ನಾನು ಕಡೆದ ಒಂದು ಬುಷ್ಷನ್ನು ಅವನು ಕೈಗೆತ್ತಿಕೊಂಡ. ಬುಷ್ ಎಂದರೆ ತಿರುಗುವ ದಂಡಕ್ಕೆ ತೊಡಿಸುವ ಹಿತ್ತಾಳೆಯ ಬಳೆ. ಅಳತೆಯ ಉಪಕರಣ ಮುಟ್ಟಲಿಲ್ಲ. ಹೆಬ್ಬೆರಳಲ್ಲಿ ಒಮ್ಮೆ ಸವರಿದ, "ಕೂದಲೆಳಿಯಷ್ಟ ಕಮ್ಮಿ ಐತಿ" ಎಂದ, ಸ್ಕ್ರ್ಯಾಪಿನ ಡಬ್ಬಿಗೆ ಎಸೆದ. ಠಣ್ ಎಂದು ಸದ್ದಾಯಿತು. ಗಿರಾಕಿ ನಕ್ಕ. ನನ್ನ ಕೈಕೆಳಗಿನ ಕಾರೀಗರ್‌ಗಳು ಮುಖ ಆ ಕಡೆ ತಿರುಗಿಸಿಕೊಂಡರು. ನಾನು ಅಣ್ಣನಿಗೆ ಹೇಳಿದೆ: "ನಾಳಿಂದ ನನ್ನ ಗಾಳಾಕ್ಕ ಬರಬ್ಯಾಡ."

ನನ್ನ ಗಾಳಾ ಅಂದೆ. ನಮ್ಮ ಅನ್ನಲಿಲ್ಲ. ಅವನು ಕೈ ಒರೆಸಿಕೊಂಡು ಹೋದ. ಈಗ ದಹಿಸರ್‌ನಲ್ಲಿ ಇರುತ್ತಾನೆ, ಅಡ್ರೆಸ್ಸು ಮಾತ್ರ ಗಂಗಾಳಿಂದ ಗೊತ್ತು. ಅಂದಿನಿಂದ ಅವನು ಬರಲಿಲ್ಲ, ನಾನು ಕರೆಯಲಿಲ್ಲ.

ಈಗ ಪತ್ರಿಕೆಯ ಮಾತು. ನಮ್ಮ ವಿಜಯಪುರದ ಕಡೆ, ಕಡೇಪಕ್ಷ ನಮ್ಮ ಮನೆತನದಲ್ಲಿ, ಮೊದಲನೆಯ ಪತ್ರಿಕೆ ಮನೆದೇವರಿಗೆ, ಎರಡನೆಯದು ಮನೆಯ ಹಿರಿಯನಿಗೆ. ಆ ಎರಡು ಮುಟ್ಟದೆ ಮೂರನೆಯದನ್ನು ಯಾರಿಗೂ ಕೊಡುವಂತಿಲ್ಲ. ಅದೂ ವಾಟ್ಸ್ಯಾಪಿನಲ್ಲಿ ನಡೆಯದು. ಮನೆಗೆ ಹೋಗಿ, ಹಣೆಗೆ ಕುಂಕುಮ ಹಚ್ಚಿ, ಕೈಗೆ ಅಕ್ಷತೆ ಕೊಟ್ಟು, ಬಾಯಿಬಿಟ್ಟು ಕರೆಯಬೇಕು. ಮೊದಲನೆಯದನ್ನು ದೇವರ ಜಗುಲಿಯ ಮೇಲಿಟ್ಟಾಗಿತ್ತು. ಎರಡನೆಯದು ಹೆಸರಿಲ್ಲದೆ ಫ್ರಿಜ್ಜಿನ ಮೇಲೆ ಬಿದ್ದಿತ್ತು. ಉಳಿದವೆಲ್ಲ ದಾರ ಬಿಚ್ಚದೆ ಕಪಾಟಿನಲ್ಲಿದ್ದವು.

"ಐದ ವಾರ ಉಳದೈತಿ ಲಗ್ನ," ಎಂದಳು ಗಂಗಾ, ನನ್ನ ಬ್ಯಾಗಿಗೆ ಶೇಂಗಾ ಹಿಂಡಿಯ ಚಟ್ನಿ ಡಬ್ಬಿ ತುರುಕುತ್ತ. "ನನ್ನ ತವರವರಿಗೂ ಕೊಡಾಕಾಗವಲ್ದು. ತಿರುಗಿ ಬರೂದ್ರಾಗ ಆ ಪತ್ರಿಕಿ ಮ್ಯಾಲ ಭಾವಾರ ಹೆಸರು ಬರೀರಿ, ಇಲ್ಲಾ ಪದ್ಧತಿ ಮುರದೆ ಅಂತ ನೀವಽ ಎಲ್ಲಾರಿಗೂ ಹೇಳ್ರಿ. ಎರಡ್ರಾಗ ಒಂದು."

ಮಗಳು ಪೂಜಾ ಕನ್ನಡವನ್ನು ಅರ್ಥ ಮಾಡಿಕೊಳ್ಳುತ್ತಾಳೆ, ಆಡುವಾಗ ತಡವರಿಸುತ್ತಾಳೆ. "ಪಪ್ಪಾ, ದೊಡ್ಡಪ್ಪಾ ನಹೀ ಆಯೇಂಗೆ ತೋ ನನ್ನ... ಅದು ಏನಂತಾರ... ಅಕ್ಷತಾ ಮೊದಲು ಯಾರು ಹಾಕ್ತಾರೆ?"

ನಾನು ಬ್ಯಾಗಿನ ಜಿಪ್ ಎಳೆದೆ.

ವಿಮಾನದಲ್ಲಿ

ಹಸಮುಖಭಾಯಿ ತನ್ನ ತಾಯಿಯನ್ನೂ ಕರೆತಂದಿದ್ದ. ಎಂಬತ್ತರ ಹತ್ತಿರದ ಮುದುಕಿ, ಕಾಲಲ್ಲಿ ಕ್ಯಾನ್ವಾಸ್ ಬೂಟು, ಮಡಿಲಲ್ಲಿ ಥೇಪ್ಲಾ ರೊಟ್ಟಿಯ ಗಂಟು. ಗುಜರಾತಿಗಳು ತಾಯಿಯನ್ನು 'ಬಾ' ಎನ್ನುತ್ತಾರೆ. ಏರ್‌ಪೋರ್ಟಿನ ಉದ್ದಕ್ಕೂ "ಬಾ, ಪಾಸ್‌ಪೋರ್ಟ್," "ಬಾ, ಬೂಟು ತೆಗಿ," "ಬಾ, ಈ ಕಡೆ" ಎಂದು ಇಡೀ ಗುಂಪೇ ಕೂಗುತ್ತಿತ್ತು. ಪ್ರತಿ ಸಲವೂ ನನ್ನ ಕತ್ತು ತಾನಾಗಿ ತಿರುಗುತ್ತಿತ್ತು. ಯಾರೂ ನನ್ನನ್ನು ಕರೆಯುತ್ತಿಲ್ಲ ಎಂದು ತಲೆಗೆ ಗೊತ್ತು. ಕತ್ತಿಗೆ ಗೊತ್ತಿಲ್ಲ.

ಈ ಶಬ್ದ ನನಗೆ ಹೊಸದೇನಲ್ಲ. ಭಾಂಡುಪ್‌ನಲ್ಲಿ ಅಣ್ಣ ಮತ್ತು ನಾನು ಮೊದಲು ಇದ್ದ ಚಾಳಿನಲ್ಲಿ ಒಂದೇ ಸಾಲಿನಲ್ಲಿ ಮೂರು ಬಾಗಿಲು. ಒಂದರಲ್ಲಿ ಗುಜರಾತಿಗಳು, ಒಂದರಲ್ಲಿ ಸಾತಾರಾ ಕಡೆಯ ಮರಾಠರು, ಕೊನೆಯದು ನಮ್ಮದು. ಆ ಮರಾಠಿ ಹುಡುಗರು ಅಪ್ಪನನ್ನು 'ಬಾ' ಎನ್ನುತ್ತಿದ್ದರು, ಅವರ ಹಳ್ಳಿಯ ಮಾತು ಅದು. ಸಂಜೆ ಆರೂವರೆಗೆ ಕಾರ್ಖಾನೆಗಳು ಬಿಟ್ಟು, ನಲ್ಲಿಗೆ ನೀರು ಬರುವ ಹೊತ್ತು. ಅತ್ತ ಒಬ್ಬ ಅವ್ವನನ್ನು ಕೂಗುತ್ತಿದ್ದ, ಇತ್ತ ಒಬ್ಬ ಅಪ್ಪನನ್ನು, ಕೊನೆಯ ಬಾಗಿಲಿನಿಂದ ನನ್ನಣ್ಣ ಊಟಕ್ಕೆ ನನ್ನನ್ನು. ಮೂವರ ಬಾಯಲ್ಲೂ ಅದೊಂದೇ ಅಕ್ಷರ. ಯಾರು ಕೂಗಿದರೂ ಮೂರೂ ಬಾಗಿಲಿನವರು ತಿರುಗಿ ನೋಡುತ್ತಿದ್ದೆವು, ಆಮೇಲೆ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದೆವು.

ನಾನು ಮುಂಬಯಿಗೆ ಬಂದದ್ದೂ ಆ ಅಕ್ಷರ ಹಿಡಿದೇ. ಅಪ್ಪ ತೀರಿಕೊಂಡ ವರ್ಷ ಅಣ್ಣನಿಂದ ಊರಿಗೆ ಒಂದು ಕಾರ್ಡು ಬಂತು. ಅಡ್ರೆಸ್ಸಿನ ಕಡೆ ಇಡೀ ತಾಲೂಕು, ಜಿಲ್ಲೆ ಎಲ್ಲ ಇತ್ತು. ತಿರುಗಿಸಿದರೆ ನಡುವೆ ಒಂದೇ ಅಕ್ಷರ: ಬಾ. ಮಾಸ್ತರರು ಅದನ್ನು ಹಿಂದೆ ಮುಂದೆ ತಿರುಗಿಸಿ, "ಏನಲೇ, ನಿಮ್ಮಣ್ಣ ಇಡೀ ಕಾರ್ಡು ಬರೇ ಬಿಟ್ಟಾನಲ್ಲೋ" ಎಂದರು. ಬರೇ ಬಿಟ್ಟಿರಲಿಲ್ಲ. ಮೂರನೆಯ ಇಯತ್ತೆ ಕಲಿತವನು, ಹೇಳಬೇಕಾದಷ್ಟನ್ನೇ ಬರೆದಿದ್ದ. ಮುಂದಿನ ವಾರ ನಾನು ಸೊಲ್ಲಾಪುರದಲ್ಲಿ ರೈಲು ಹತ್ತಿದೆ.

ವಿಮಾನ ಮೇಲೇರುವಾಗ ಮುದುಕಿ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಉಗುರು ನೆಟ್ಟಿತು. ಮೋಡ ದಾಟಿದ ಮೇಲೆ ಬಿಟ್ಟು, ಒಂದು ಥೇಪ್ಲಾ ಕೊಟ್ಟಳು.

ಸೈಗಾನ್

ಈ ಊರಿಗೆ ಈಗ ಉದ್ದನೆಯ ಬೇರೆ ಹೆಸರಿದೆ, ಆದರೆ ಊರಿನವರು ಸೈಗಾನ್ ಎಂದೇ ಅನ್ನುತ್ತಾರೆ. ನಾವು ಬಾಂಬೆ ಅನ್ನುವ ಹಾಗೆ.

ರಸ್ತೆಯಲ್ಲಿ ಸ್ಕೂಟರುಗಳ ಹೊಳೆ. ನಮ್ಮ ಗೈಡ್ ಲಾನ್ ಎಂಬ ಇಪ್ಪತ್ತೈದರ ಹುಡುಗಿ, ಭಾರತದವರನ್ನೇ ತಿರುಗಿಸಿ "ಚಲೋ ಚಲೋ" ಕಲಿತವಳು. ರಸ್ತೆ ದಾಟುವ ಪಾಠ ಮೊದಲು ಮಾಡಿದಳು: ಓಡಬೇಡಿ, ನಿಲ್ಲಬೇಡಿ, ಮೆಲ್ಲಗೆ ನಡೆಯುತ್ತಿರಿ, ಗಾಡಿಗಳೇ ನಿಮ್ಮನ್ನು ಬಳಸಿ ಹೋಗುತ್ತವೆ. ನಾನು ಮುಂಬಯಿಯವನು. ನಲವತ್ತು ವರ್ಷ ರಸ್ತೆಯನ್ನು ಓಡಿಯೇ ದಾಟಿದವನು. ಅರ್ಧಕ್ಕೆ ಹೋಗಿ ಓಡಿಬಿಟ್ಟೆ. ನಾಲ್ಕು ಸ್ಕೂಟರುಗಳು ಒಂದರ ಮೇಲೊಂದು ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಯಾರೂ ಬೈಯಲಿಲ್ಲ. ಒಬ್ಬಾಕೆ ಕಾಲು ಊರಿ ನಿಂತು, ಹೋಗಪ್ಪ ಎನ್ನುವಂತೆ ಕೈ ಮಾಡಿದಳು. ಭಾಂಡುಪ್‌ನಲ್ಲಾಗಿದ್ದರೆ ನನ್ನ ಏಳು ತಲೆಮಾರು ನೆನಪಾಗುತ್ತಿತ್ತು. ಹಿಂದೆ ನೋಡಿದರೆ ಮುದುಕಿ ಥೇಪ್ಲಾದ ಗಂಟು ಎದೆಗವಚಿಕೊಂಡು, ಓಡದೆ ನಿಲ್ಲದೆ, ದೇವರ ಪ್ರದಕ್ಷಿಣೆ ಹಾಕುವಂತೆ ನಡೆದು ಬರುತ್ತಿದ್ದಳು.

ಇಲ್ಲಿ ಕಾಫಿ ಕುಡಿಯುವವರು ಫುಟ್‌ಪಾತಿನಲ್ಲಿ ನಮ್ಮ ಬಚ್ಚಲಮನೆಯ ಸ್ಟೂಲಿನಂಥ ಗಿಡ್ಡ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರುತ್ತಾರೆ. ಹಸಮುಖಭಾಯಿ ಕೂತೊಡನೆ ಅದರ ನಾಲ್ಕು ಕಾಲುಗಳೂ ನಾಲ್ಕು ದಿಕ್ಕಿಗೆ ಹೋದವು. ಅಂಗಡಿಯಾಕೆ ಮುರಿದದ್ದನ್ನು ಎತ್ತಿಟ್ಟು, ಎರಡು ಸ್ಟೂಲುಗಳನ್ನು ಒಂದರೊಳಗೊಂದು ಸೇರಿಸಿ ತಂದುಕೊಟ್ಟಳು.

"ದೇಖಾ ಬಸುಭಾಯಿ, ಕಿತ್ನೀ ಇಜ್ಜತ್ ಹೈ! ಸಬ್ಕೋ ಏಕ್, ಅಪುನ್ಕೋ ದೋ!" ಎಲ್ಲರಿಗೂ ಒಂದು, ತನಗೆ ಮಾತ್ರ ಎರಡು ಎಂದು ಹಸಮುಖಭಾಯಿ ಬೀಗಿದ.

ಅಲ್ಲಿ ಲಾನ್ ಕೇಳಿದಳು, ಇವರನ್ನು ನೀವೆಲ್ಲ ಬಾ ಎಂದು ಯಾಕೆ ಕರೆಯುತ್ತೀರಿ, ನಮ್ಮ ಭಾಷೆ ಇಷ್ಟು ಬೇಗ ಕಲಿತಿರಾ? ಅವರ ಭಾಷೆಯಲ್ಲೂ ವಯಸ್ಸಾದ ಹೆಂಗಸಿಗೆ, ಅಜ್ಜಿಗೆ, ಬಾ ಎಂದೇ ಅನ್ನುತ್ತಾರಂತೆ, ದನಿಯನ್ನು ಕೆಳಗಿಳಿಸಿ. ದನಿ ಇಳಿಸದೆ ಸಮನಾಗಿ ಅಂದರೆ ಅಪ್ಪ. ಅದೇ ಸಮ ದನಿಯಲ್ಲಿ ಎಣಿಕೆಯ ಮೂರು ಕೂಡ. ಹಾಡುವವಳ ಹಾಗೆ ಬೇರೆ ಬೇರೆ ಎತ್ತರದಲ್ಲಿ ಹೇಳಿ ತೋರಿಸಿದಳು. ಮುದುಕಿಗೆ ಹಿಗ್ಗೋ ಹಿಗ್ಗು. ಭಾಂಡುಪ್ ಬಿಟ್ಟು ಇಷ್ಟು ದೂರ ಬಂದರೂ ತನ್ನ ಹೆಸರು ತನಗಿಂತ ಮೊದಲೇ ಬಂದು ಕೂತಿದೆ ಎಂದಳು.

"ನಿಮ್ಮ ಭಾಷೆಯಲ್ಲಿ?" ಎಂದು ಲಾನ್ ನನ್ನನ್ನು ಕೇಳಿದಳು.

ನಾನು ಬಾಯಲ್ಲಿ ಹೇಳಲಿಲ್ಲ. ಅಂಗೈ ಮುಂದೆ ಚಾಚಿ ನನ್ನ ಕಡೆಗೆ ಎಳೆದುಕೊಂಡು ತೋರಿಸಿದೆ. ಎದುರು ರಸ್ತೆಯಲ್ಲಿ ಹಣ್ಣು ಮಾರುವವಳು ಕರೆದೆ ಎಂದುಕೊಂಡು ಗಾಡಿ ತಳ್ಳಿಕೊಂಡು ಬಂದುಬಿಟ್ಟಳು. ಕೊನೆಗೆ ಎಲ್ಲರೂ ಹಲಸಿನ ತೊಳೆ ತಿಂದೆವು. ನನ್ನ ಮನಸ್ಸು ಮಾತ್ರ ಫ್ರಿಜ್ಜಿನ ಮೇಲಿತ್ತು.

ಕಾಲುವೆಯ ದಂಡೆ

ಮೂರನೆಯ ದಿನ ಮೆಕಾಂಗ್ ನದಿಯ ಕಡೆ ಹೋದೆವು. ಅಲ್ಲಿ ನೀರೇ ರಸ್ತೆ. ಎರಡೂ ಕಡೆ ತೆಂಗು, ನಡುವೆ ಕಂದು ಬಣ್ಣದ ಕಾಲುವೆ. ದೋಣಿ ಅರ್ಧ ತಾಸು ಹೋಗಿರಬೇಕು, ಹಿಂದಿನಿಂದ ಕಡಕಡ ಸದ್ದು ಶುರುವಾಯಿತು. ಉಳಿದವರು ಫೋಟೋ ತೆಗೆಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಆ ಸದ್ದು ನನ್ನ ಮನೆಯ ಸದ್ದು. "ಬುಷ್ ಗಯಾ," ಎಂದೆ. ಹಸಮುಖಭಾಯಿ ನಂಬಲಿಲ್ಲ. ಎರಡೇ ನಿಮಿಷಕ್ಕೆ ದೋಣಿ ನಿಂತಿತು. ದೋಣಿಯವನು ಕೋಲು ಹಾಕಿ ದಂಡೆಗೆ ತಂದ.

ದಂಡೆಯ ಮೇಲೆ ಕೊಬ್ಬರಿ ಮಿಠಾಯಿ ಮಾಡುವ ಒಂದು ಮನೆ. ಎಲ್ಲರೂ ಅಲ್ಲಿಗೆ ಹೋದರು. ದೋಣಿಯವನು ಎಂಜಿನ್ನಿನಿಂದ ಕಳಚಿದ ದಂಡವನ್ನು ಹೆಗಲ ಮೇಲಿಟ್ಟು ಆ ಮನೆಯ ಪಕ್ಕದ ತಗಡಿನ ಶೆಡ್ಡಿಗೆ ಹೋದ. ಒಳಗಿನಿಂದ ಲೇಥ್ ತಿರುಗುವ ಸದ್ದು ಕೇಳಿ ನಾನೂ ಹಿಂದೆಯೇ ಹೋದೆ. ಲಾನ್ ನನ್ನನ್ನು ಹುಡುಕಿಕೊಂಡು ಬಂದಳು.

ಶೆಡ್ಡಿನಲ್ಲಿ ಒಂದೇ ಯಂತ್ರ, ನನ್ನ ಹಳೆಯದಕ್ಕಿಂತ ಹಳೆಯದು. ಕಂಬದಿಂದ ಕಂಬಕ್ಕೆ ಕಟ್ಟಿದ ಜೋಳಿಗೆಯಂಥ ತೂಗುಮಂಚ. ನೆಲದ ಮೇಲೆ ಸಣ್ಣ ಕೆಂಪು ದೇವರಗೂಡು, ಬಾಳೆಹಣ್ಣು, ಊದಿನಕಡ್ಡಿ. ನಮ್ಮ ಗಾಳಾದಲ್ಲಿ ದೇವರು ಗೋಡೆಯ ಮೇಲೆ, ಅವರಲ್ಲಿ ನೆಲದ ಮೇಲೆ. ಎಣ್ಣೆಯ ವಾಸನೆ ಮಾತ್ರ ಎರಡೂ ಕಡೆ ಒಂದೇ. ಯಂತ್ರದ ಮುಂದೆ ಎಪ್ಪತ್ತರ ಆಸುಪಾಸಿನ ಸಣಕಲು ಮುದುಕ, ಚಡ್ಡಿ ಬನಿಯನ್ನಿನಲ್ಲಿ.

"ಓಂಗ್ ಬಾ," ಎಂದು ಲಾನ್ ಪರಿಚಯ ಮಾಡಿಕೊಟ್ಟಳು. ಓಂಗ್ ಎಂದರೆ ಅಜ್ಜ, ಯಜಮಾನ. "ಬಾ ಅಂದರೆ ಮೂರು. ಯಜಮಾನ ಮೂರು."

"ಮೂರನೆಯ ಮಗನೋ?"

"ಎರಡನೆಯವರು," ಎಂದು ನಕ್ಕಳು. ದಕ್ಷಿಣದ ಈ ಸೀಮೆಯಲ್ಲಿ ಮನೆಯೊಳಗೆ ಮಕ್ಕಳನ್ನು ಹೆಸರಿಗಿಂತ ಎಣಿಕೆಯಿಂದಲೇ ಕರೆಯುವುದು ಹೆಚ್ಚು. ಎಣಿಕೆ ಎರಡರಿಂದ ಶುರು. ಚೊಚ್ಚಲ ಮಗು 'ಹಾಯ್', ಅಂದರೆ ಎರಡು. ಅದರ ಬೆನ್ನಿಗೆ ಬಂದದ್ದು 'ಬಾ'. ಒಂದು ಯಾರೂ ಅಲ್ಲ. ಯಾಕೆ ಎಂಬುದಕ್ಕೆ ಹತ್ತು ಕತೆಗಳಿವೆಯಂತೆ. ಒಂದನೆಯದನ್ನು ದೆವ್ವಗಳು ಎತ್ತಿಕೊಂಡು ಹೋಗುತ್ತವೆ, ಅದಕ್ಕೇ ಆ ಜಾಗ ಬರಿದು ಬಿಡುತ್ತೇವೆ ಎಂದು ಲಾನ್‌ಳ ಅಜ್ಜಿ ಹೇಳುತ್ತಿದ್ದಳಂತೆ.

ನಮ್ಮ ಪತ್ರಿಕೆಗಳಲ್ಲೂ ಮೊದಲನೆಯದು ದೇವರಿಗೆ, ಎರಡನೆಯದು ಹಿರಿಯನಿಗೆ. ಈ ಲೆಕ್ಕ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಓಂಗ್ ಬಾ ಹಿತ್ತಾಳೆಯ ತುಂಡನ್ನು ಯಂತ್ರಕ್ಕೆ ಕಟ್ಟಿ ಕಡೆಯತೊಡಗಿದ. ಒಳ್ಳೆಯ ಕೈ. ನಾನು ಒಂದು ಮೂಲೆಯಲ್ಲಿ ನಿಂತು ನೋಡಿದೆ. ಕೆಲಸಗಾರನಿಗೆ ಇನ್ನೊಬ್ಬ ಕೆಲಸಗಾರನ ಭುಜ ನೋಡಿದರೆ ಸಾಕು, ಮಾತು ಬೇಡ. ಅವನೂ ನನ್ನನ್ನು ಗುರುತಿಸಿದ್ದ. ನನ್ನ ಬೆರಳುಗಳ ಸಂದಿಯ ಕಪ್ಪು ಗೆರೆ ನೋಡಿ ಗದ್ದ ಎತ್ತಿ ನಕ್ಕ. ಬುಷ್ ಮುಗಿದ ಮೇಲೆ ಅದನ್ನೂ ದಂಡವನ್ನೂ ನನ್ನ ಕೈಗೇ ಕೊಟ್ಟ, ನೀನೂ ನೋಡು ಎನ್ನುವಂತೆ.

ದಂಡಕ್ಕೆ ಬುಷ್ ತೊಡಿಸಿ ಅಲ್ಲಾಡಿಸಿದೆ. ಆಡಿತು. ಬಹಳವಲ್ಲ, ಕೂದಲೆಳೆಯಷ್ಟು. ಬೇರೆಯವರ ಕೈಗೆ ಗೊತ್ತಾಗುವಂಥದ್ದಲ್ಲ. ಗೊತ್ತಾಗದವನಂತೆ ತಲೆಯಾಡಿಸಿ ಕೊಟ್ಟುಬಿಡಬಹುದಿತ್ತು. ನಾನು ಅತಿಥಿ, ಅವನು ಹಿರಿಯ, ಪಕ್ಕದಲ್ಲಿ ಗಿರಾಕಿ ನಿಂತಿದ್ದಾನೆ. ಆದರೆ ಕೈ ಸುಳ್ಳು ಹೇಳಲು ಒಪ್ಪಲಿಲ್ಲ. ಹೆಬ್ಬೆರಳು ತೋರುಬೆರಳು ಕೂಡಿಸಿ, ಇಷ್ಟೇ ಇಷ್ಟು ಎಂದು ತೋರಿಸಿದೆ. ನಾನು ಮಾಡಿದ್ದೇನು ಎಂಬುದು ಆಗ ಹೊಳೆಯಿತು.

ಮುದುಕ ಬುಷ್ ತೆಗೆದುಕೊಂಡ. ತಾನೂ ಅಲ್ಲಾಡಿಸಿ ನೋಡಿದ. ಕಣ್ಣು ಮುಚ್ಚಿ ಇನ್ನೊಮ್ಮೆ ನೋಡಿದ. ಆಮೇಲೆ ಬಾಯಿ ತುಂಬ ನಕ್ಕು, ಅದನ್ನು ಮೂಲೆಯ ಡಬ್ಬಿಗೆ ಎಸೆದ. ಠಣ್. ಅದೇ ಸದ್ದು. ನನ್ನ ಬೆನ್ನಿನ ಮೇಲೊಂದು ಗುದ್ದು ಕೊಟ್ಟು ಹೊಸ ತುಂಡು ಕಟ್ಟಿದ. ಕಡೆಯುತ್ತ ಏನೋ ಹೇಳಿದ. ಲಾನ್ ಮೆಲ್ಲಗೆ ತನ್ನ ಇಂಗ್ಲಿಷಿನಲ್ಲಿ ನನಗೆ ದಾಟಿಸಿದಳು.

"ಅವರ ಹಾಯ್, ಅಂದರೆ ಅಣ್ಣ, ಇದೇ ಯಂತ್ರದ ಮೇಲೆ ಅವರಿಗೆ ಕಲಿಸಿದರಂತೆ. ಸಮುದ್ರ ದಾಟಿ ಹೋಗುತ್ತೇನೆ ಎಂದು ದೋಣಿ ಹತ್ತಿದವರು ಎಲ್ಲಿಗೆ ಮುಟ್ಟಿದರೋ ಇಂದಿಗೂ ಗೊತ್ತಿಲ್ಲ. ಅವರು ಹೋದ ಮೇಲೆ ಇವರ ಕೆಲಸದಲ್ಲಿ ತಪ್ಪು ಹಿಡಿಯುವವರೇ ಇಲ್ಲವಂತೆ. ಎಲ್ಲರೂ ಚೆನ್ನಾಗಿದೆ, ಚೆನ್ನಾಗಿದೆ ಅನ್ನುತ್ತಾರೆ. ಅದಕ್ಕೇ ಕೈ ಕೆಟ್ಟಿದೆ ಅನ್ನುತ್ತಿದ್ದಾರೆ."

ಗೋಡೆಯ ಮೇಲೆ ಒಬ್ಬ ಯುವಕನ ಫೋಟೋ ಇತ್ತು. ಸತ್ತ ಹಿರಿಯರ ಫೋಟೋಗಳು ಇನ್ನೊಂದು ಗೋಡೆಯಲ್ಲಿ, ಧೂಪದ ಬಟ್ಟಲಿನ ಮೇಲೆ ಸಾಲಾಗಿದ್ದವು. ಇದು ಬೇರೆ, ಬಾಗಿಲಿಗೆ ಎದುರಾಗಿ. ಅದರ ಮುಂದೆ ಧೂಪವಿರಲಿಲ್ಲ. ಸತ್ತನೆಂದು ಗೊತ್ತಿಲ್ಲದವನಿಗೆ ಹೇಗೆ ಧೂಪ ಹಾಕುವುದು?

ಎರಡನೆಯ ಬುಷ್ ಗಟ್ಟಿಯಾಗಿ ಕೂತಿತು. ದೋಣಿಯವನು ದಂಡ ಹೊತ್ತು ಹೋದ. ಓಂಗ್ ಬಾ ಕೈ ತೊಳೆದು ನನಗೆ ಕಹಿ ಚಹಾ ಕೊಟ್ಟು, ನಿನ್ನ ಎಣಿಕೆ ಎಷ್ಟು ಎಂದು ಕೇಳಿದ. ಎರಡನೆಯ ಮಗ ಎಂದೆ. ಹಾಗಾದರೆ ನೀನೂ ಬಾ, ಎಂದು ತನ್ನ ಎದೆ ಮುಟ್ಟಿ ನನ್ನ ಎದೆ ಮುಟ್ಟಿದ. "ಬಾ. ಬಾ." ಆಮೇಲೆ ಕೇಳಬಾರದ ಪ್ರಶ್ನೆ ಕೇಳಿದ: ನಿನ್ನ ಹಾಯ್ ಎಲ್ಲಿದ್ದಾನೆ?

"ದಹಿಸರ್," ಎಂದೆ.

ಅದು ಎಷ್ಟು ದೂರ?

ಭಾಂಡುಪ್‌ನಿಂದ ದಾದರ್, ದಾದರ್‌ನಿಂದ ದಹಿಸರ್. ಲೋಕಲ್‌ನಲ್ಲಿ ಒಂದೂವರೆ ತಾಸು, ಎಂದೆ. ನೋಡಿ ಎಷ್ಟು ದಿನವಾಯಿತು ಎಂದು ಕೇಳಿದ. ಸುಳ್ಳು ಹೇಳಬಹುದಿತ್ತು. ಒಂಬತ್ತು ವರ್ಷ ಎಂದೆ. ಲಾನ್ ಹೇಳಿದಳು. ಮುದುಕ ಚಹಾದ ಲೋಟ ಕೆಳಗಿಟ್ಟು ನನ್ನನ್ನೇ ನೋಡಿ ಏನೋ ಅಂದ. ಲಾನ್‌ಗೆ ಹೇಳಲು ಸಂಕೋಚವಾಯಿತು.

"ಹೇಳಮ್ಮ," ಎಂದೆ.

"ಒಂದೂವರೆ ತಾಸಿನ ರೈಲು ಹತ್ತಲಾರದವನು ವಿಮಾನ ಹತ್ತಿ ನನ್ನ ಹತ್ತಿರ ಬಂದೆಯಾ, ಅಂತ ಕೇಳುತ್ತಿದ್ದಾರೆ."

ಹೊರಗೆ ದೋಣಿಯ ಎಂಜಿನ್ ಸರಿಯಾದ ದನಿಯಲ್ಲಿ ಶುರುವಾಯಿತು. ಹಸಮುಖಭಾಯಿ ಎಲ್ಲರನ್ನೂ ಕೂಗುತ್ತಿದ್ದ. ಓಂಗ್ ಬಾ ನನಗೆ ಒಂದು ಗೊನೆ ಬಾಳೆಹಣ್ಣು ಕೊಟ್ಟ. ದೋಣಿ ತಿರುವು ದಾಟುವವರೆಗೂ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಆ ಬಾಗಿಲಿಗೆದುರಾಗಿದ್ದ ಫೋಟೋ ಅವನ ಹೆಗಲ ಹಿಂದೆ ಸ್ವಲ್ಪ ಹೊತ್ತು ಕಂಡಿತು.

ಒಂಬತ್ತು ವರ್ಷದ ಹಿಂದೆ ಅಣ್ಣ ಎಸೆದ ಆ ಬುಷ್ಷನ್ನು ಅದೇ ದಿನ ಸಂಜೆ, ಎಲ್ಲರೂ ಹೋದ ಮೇಲೆ, ನಾನು ಡಬ್ಬಿಯಿಂದ ಹೆಕ್ಕಿ ಅಳೆದಿದ್ದೆ. ಕೂದಲೆಳೆಯಷ್ಟು ಕಮ್ಮಿಯೇ ಇತ್ತು. ಇದನ್ನು ಗಂಗಾಳಿಗೂ ಹೇಳಿರಲಿಲ್ಲ.

ಪೋಸ್ಟ್ ಆಫೀಸು

ಸೈಗಾನಿನ ಹಳೆಯ ಪೋಸ್ಟ್ ಆಫೀಸು ನಮ್ಮ ಮುಂಬಯಿಯ ವಿ.ಟಿ. ಸ್ಟೇಷನ್ನಿನ ತಮ್ಮನಂತಿದೆ. ಎತ್ತರದ ಕಮಾನು, ನಡುವೆ ದೊಡ್ಡ ಗಡಿಯಾರ. ಉಳಿದವರು ಸೆಲ್ಫಿ ತೆಗೆಯುತ್ತಿದ್ದಾಗ ನಾನು ದೋಣಿಯ ಚಿತ್ರವಿರುವ ಒಂದು ಕಾರ್ಡು ಕೊಂಡು ಮರದ ಬೆಂಚಿನ ಮೇಲೆ ಕುಳಿತೆ.

ಏನೇನು ಬರೆಯಬೇಕೆಂದು ಬೆಳಗಿನಿಂದ ಜೋಡಿಸಿಟ್ಟಿದ್ದೆ. ಪೂಜಾಳ ಮದುವೆ. ತಾರೀಖು. ನಡೆದದ್ದು ನಡೆದುಹೋಯಿತು. ನೀನು ಹಿರಿಯ. ಪೆನ್ನು ಹಿಡಿದಾಗ ಒಂದೂ ಉಳಿಯಲಿಲ್ಲ. ನಡುವೆ ಒಂದೇ ಅಕ್ಷರ ಬರೆದೆ. ಸುತ್ತ ಬಿಳಿ ಜಾಗ ಬಹಳ ಉಳಿಯಿತು. ಏನಾದರೂ ಸೇರಿಸೋಣ ಎಂದು ನೋಡಿದೆ, ಸೇರಿಸಲಿಲ್ಲ.

ನಿಜ ಹೇಳಬೇಕೆಂದರೆ ಇದರಲ್ಲಿ ಸ್ವಲ್ಪ ಕಳ್ಳತನವೂ ಇತ್ತು. ಕಾರ್ಡು ಹೋದರೆ ಅವನ ಮುಖ ನೋಡದೆಯೇ ಕರೆದಂತಾಗುತ್ತದೆ. ಬುಷ್ಷಿನ ಮಾತು ಎತ್ತಬೇಕಾಗಿಲ್ಲ.

ಕೌಂಟರಿನ ಹುಡುಗಿ ನನ್ನ ಅಕ್ಷರಗಳನ್ನು ನೋಡಿ, ಎಷ್ಟು ಚಂದ, ಎಲ್ಲ ದುಂಡಗಿವೆ ಎಂದಳು. ನನಗೂ ಹೆಮ್ಮೆಯಾಯಿತು. ಕೆಳಗೆ ಇಂಗ್ಲಿಷಿನಲ್ಲಿ ಇಂಡಿಯಾ ಎಂದು ಬರೆಯಲು ಹೇಳಿದಳು. ಬರೆದೆ. ಠಪ್ಪೆ ಬಿತ್ತು.

ವಾಪಸಿನ ವಿಮಾನದಲ್ಲಿ ಖುಷಿ ತಡೆಯದೆ ಹಸಮುಖಭಾಯಿಗೆ ಎಲ್ಲ ಹೇಳಿದೆ.

"ಬಹುತ್ ಅಚ್ಛಾ ಕಿಯಾ," ಎಂದ. ಒಂದು ಕ್ಷಣ ಬಿಟ್ಟು ಕೇಳಿದ, "ಅಡ್ರೆಸ್ ಇಂಗ್ಲಿಷ್ ಮೇ ಲಿಖಾ ನಾ?"

ನನ್ನ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು. ಅಣ್ಣನಿಗೆ ಬರೆಯುತ್ತಿದ್ದೇನೆ ಎಂಬ ಭರದಲ್ಲಿ ಹೆಸರು, ಬಿಲ್ಡಿಂಗ್, ದಹಿಸರ್, ಮುಂಬಯಿ, ಎಲ್ಲವನ್ನೂ ದುಂಡಗೆ ಕನ್ನಡದಲ್ಲಿ ಬರೆದಿದ್ದೆ. ಪಿನ್ ಕೋಡನ್ನು ಬರೆದೇ ಇರಲಿಲ್ಲ.

ಹಸಮುಖಭಾಯಿ ನಕ್ಕು ನಕ್ಕು ಸೀಟು ಅಲ್ಲಾಡಿಸಿದ. ಅವನ ತಾಯಿ ಏನಾಯಿತೆಂದು ಕೇಳಿದಳು. ಅವನು ಹೇಳಿದ. ಮುದುಕಿ ನಗಲಿಲ್ಲ. ನನ್ನ ಕಡೆ ಬಾಗಿ ತನ್ನ ಗುಜರಾತಿ ಹಿಂದಿಯಲ್ಲಿ ಹೇಳಿದಳು: "ಬೇಟಾ, ಚಿಟ್ಠೀ ಕೋ ಛೋಡ್. ತೂ ಜಾ." ಕಾಗದ ಬಿಡು, ನೀನೇ ಹೋಗು.

ದಹಿಸರ್

ರವಿವಾರ ಬೆಳಿಗ್ಗೆ ಫ್ರಿಜ್ಜಿನ ಮೇಲಿನ ಪತ್ರಿಕೆ ತೆಗೆದು ಅಣ್ಣನ ಹೆಸರು ಬರೆದೆ. ಗಂಗಾ ಕುಂಕುಮ, ಅಕ್ಷತೆಯ ಪೊಟ್ಟಣ ಕಟ್ಟಿಕೊಟ್ಟಳು. ನಾನು ಗಾಳಾಕ್ಕೆ ಹೋಗಿ ಡ್ರಾಯರಿನಿಂದ ಒಂದು ವಸ್ತುವನ್ನು ತೆಗೆದು ಜೇಬಿಗೆ ಹಾಕಿಕೊಂಡು ಸ್ಟೇಷನ್ನಿಗೆ ನಡೆದೆ.

ಭಾಂಡುಪ್‌ನಿಂದ ದಾದರ್. ದಾದರಿನ ಬ್ರಿಜ್ಜಿನ ಮೇಲೆ ಎಂದಿನ ನೂಕುನುಗ್ಗಲು. ನಾನು ಓಡಲಿಲ್ಲ, ನಿಲ್ಲಲಿಲ್ಲ. ಜನ ಬಳಸಿ ಹೋದರು, ಬೈದುಕೊಂಡೇ ಹೋದರು. ದಹಿಸರ್ ಕಡೆಯ ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕಿತು. ಬೋರಿವಲಿ ದಾಟಿದ ಮೇಲೆ, ಇಳಿಯದೆ ಹೀಗೆಯೇ ಮುಂದೆ ಹೋಗಿಬಿಡೋಣವೇ ಅನ್ನಿಸಿತು. ದಹಿಸರಿನಲ್ಲಿ ಇಳಿದೆ.

ಎರಡನೆಯ ಮಾಳಿಗೆ. ಬೆಲ್ಲು ಒತ್ತಿದೆ. ಬಾಗಿಲು ತೆಗೆದವನು ಅಣ್ಣನೇ. ಕೂದಲೆಲ್ಲ ಬೆಳ್ಳಗಾಗಿತ್ತು. ಕನ್ನಡಕದ ಒಂದು ಕಡ್ಡಿಗೆ ತಂತಿ ಸುತ್ತಿ ತಾನೇ ರಿಪೇರಿ ಮಾಡಿಕೊಂಡಿದ್ದ. ನನ್ನನ್ನು ನೋಡಿದ. ನನ್ನ ಕಾಲು ನೋಡಿದ.

"ಚಪ್ಪಲಿ ಒಳಗ ಬಿಡು," ಎಂದ. "ಹೊರಗ ಬಿಟ್ರ ಕಳೀತಾವ."

ವೈನಿ, ನನ್ನ ಅತ್ತಿಗೆ, ಅಡುಗೆಮನೆಯಿಂದ ಬಂದವರು ನನ್ನನ್ನು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಾಗೆಯೇ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಗ್ಗರಣೆಯ ಸದ್ದು ಕೇಳಿತು. ನಾನು ಪತ್ರಿಕೆ ತೆಗೆಯುವ ಮೊದಲು ಜೇಬಿನಿಂದ ಬುಷ್ ತೆಗೆದು ಟೇಬಲಿನ ಮೇಲಿಟ್ಟೆ. ಅಣ್ಣ ಅದನ್ನು ಎತ್ತಿಕೊಂಡ. ಹೆಬ್ಬೆರಳಿನಿಂದ ಸವರಿದ.

"ಇದನ್ನ ಇನ್ನೂ ಇಟಗೊಂಡೀಯೇನು?"

"ಹೂಂ."

"ಕಮ್ಮಿ ಐತಿ."

"ಗೊತ್ತು."

"ಯಾವಾಗ ಗೊತ್ತಾತು?"

"ಅವತ್ತ ಸಂಜೀಗೆ."

ಅವನು ಕನ್ನಡಕ ತೆಗೆದು ಒರೆಸಿದ. "ಗಿರಾಕಿ ಮುಂದ ಒಗೀಬಾರದಿತ್ತು ನಾನು," ಎಂದ. "ಅದು ನನಗೂ ಅವತ್ತ ಸಂಜೀಗೇ ಗೊತ್ತಾತು. ಆದ್ರ ನೀ ಬರಬ್ಯಾಡ ಅಂದಿದ್ದಿ. ಹೆಂಗ ಬರ್ಲಿ?"

ನಾನು ಎದ್ದು ಅವನ ಹಣೆಗೆ ಕುಂಕುಮ ಹಚ್ಚಿದೆ. ಮೂಗಿನ ಮೇಲೂ ಸ್ವಲ್ಪ ಬಿತ್ತು. ಅಕ್ಷತೆ ಕೊಟ್ಟೆ. ಪತ್ರಿಕೆ ಕೊಟ್ಟೆ. ಅವನು ತೆಗೆದುಕೊಂಡು ನನ್ನ ಮುಖ ನೋಡಿದ. ಪದ್ಧತಿ ಇನ್ನೂ ಮುಗಿದಿರಲಿಲ್ಲ.

"ಬಾ ಯಣ್ಣಾ," ಎಂದೆ.

"ಅಷ್ಟು ದೊಡ್ಡ ಸೂಟಕೇಸ್ ತಗೊಂಡು ವಿಯೆಟ್ನಾಮ್ ಸುತ್ತಿ ಬಂದು ಇಷ್ಟಽ ಹೇಳೂದೇನು?" ಎಂದ. ಗಂಗಾ ಮೊದಲೇ ಫೋನು ಮಾಡಿ ವೈನಿಗೆ ಎಲ್ಲ ಹೇಳಿದ್ದಳು ಎಂಬುದು ಆಗ ಗೊತ್ತಾಯಿತು. ಕಾರ್ಡಿನ ಕತೆಯನ್ನು ಮಾತ್ರ, ಅದರಲ್ಲಿ ಬರೆದದ್ದೊಂದನ್ನು ಬಿಟ್ಟು, ನಾನೇ ಹೇಳಬೇಕಾಯಿತು. ಅಡ್ರೆಸ್ಸು ಕನ್ನಡದಲ್ಲಿ ಎಂದಾಗ ಅಣ್ಣ ಕುರ್ಚಿಯಿಂದ ಬೀಳುವಂತೆ ನಕ್ಕ. "ಹುಚ್ಚಾ! ಅದು ಈಗ ಬೆಂಗಳೂರಿನ್ಯಾಗ ನನ್ನ ಹುಡುಕಾಕತ್ತಿರತೈತಿ!"

ಆ ಸಂಜೆಯೇ ಮನೆಯಲ್ಲಿ ಕಪಾಟಿನ ಪತ್ರಿಕೆಗಳ ದಾರ ಬಿಚ್ಚಿದೆವು. ಮೂರನೆಯ ಪತ್ರಿಕೆ ಯಾರಿಗೆ ಎಂದು ಗಂಗಾ ಕೇಳಿದಳು. ಓಂಗ್ ಬಾ ಎಂದು ಕನ್ನಡದಲ್ಲೇ ಬರೆದು, ಅದರ ಫೋಟೋ ತೆಗೆದು ಲಾನ್‌ಗೆ ಕಳಿಸಿದೆ. ವಾಟ್ಸ್ಯಾಪ್ ನಡೆಯದು ಎಂದವನೇ ಕಳಿಸಿದೆ. ನಾಲ್ಕು ದಿನದ ಮೇಲೆ ಅವಳಿಂದ ಒಂದು ಫೋಟೋ ಬಂತು. ಮುದುಕ ಶೆಡ್ಡಿನ ಬಾಗಿಲಲ್ಲಿ, ಪತ್ರಿಕೆ ಕಾಣುವ ಒಂದು ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಗುತ್ತಿದ್ದಾನೆ. ಹಿಂದಿನ ಗೋಡೆಯಲ್ಲಿ ಆ ಯುವಕ. ಧೂಪ ಇನ್ನೂ ಹಚ್ಚಿಲ್ಲ.

ಮದುವೆಯಾಯಿತು. ಪೂಜಾಳ ತಲೆಯ ಮೇಲೆ ಮೊದಲ ಅಕ್ಷತೆ ಯಾರದೆಂದು ಹೇಳಬೇಕಾಗಿಲ್ಲ. ಕಾರ್ಡು ಮಾತ್ರ ಇವತ್ತಿನವರೆಗೂ ಬಂದಿಲ್ಲ. ಪ್ರತಿ ರವಿವಾರ ನಾನು ಫೋನು ಮಾಡಿ "ಬಂತೇನು?" ಎನ್ನುತ್ತೇನೆ. "ಇಲ್ಲೋ," ಎನ್ನುತ್ತಾನೆ. ಆಮೇಲೆ ಅರ್ಧ ತಾಸು ಬೇರೆ ಮಾತು. ಮೊನ್ನೆ ಅವನೇ ಫೋನು ಮಾಡಿದ.

"ಏನ್ ಬರದಿದ್ದಿ ಅದರಾಗ? ಹೇಳಿಬಿಡೋ."

"ಬಂದ ಮ್ಯಾಲ ಓದು."

"ಬರದಿದ್ರ?"

"ಬರದಿದ್ರ ನಾ ಬರ್ತೀನಿ," ಎಂದೆ.